ಹಕ್ಕಿಗೆ ಕಟ್ಟಿದ ತೆನೆ

ಅಂಪಾಸಿಮೇನಾ, ಮಡಗಾಸ್ಕರ್
೨೮ ಡಿಸೆಂಬರ್ ೧೯೩೪

ನನ್ನ ಪ್ರೀತಿಯ ಥೋರಾ,

ಇಲ್ಲಿನ ಜನ ಏನು ಮಾತಾಡುವುದಿದ್ದರೂ ಮೊದಲು ಕ್ಷಮೆ ಕೇಳುತ್ತಾರೆ. ‘ನಾನು ಹಿರಿಯಳಲ್ಲ, ಹಿರಿಯರು ಕೂತಿದ್ದಾರೆ. ತಿಳಿದವಳಲ್ಲ, ತಿಳಿದವರು ಕೂತಿದ್ದಾರೆ. ಆದರೂ ಬಾಯಿ ತೆರೆದಿದ್ದೇನೆ, ತಪ್ಪಿದ್ದರೆ ಗಾಳಿ ಹೊತ್ತುಕೊಂಡು ಹೋಗಲಿ’ ಅಂತ. ಕೋಳಿ ಮಾರಲು ಬಂದವಳೂ ಇಷ್ಟನ್ನು ಹೇಳಿಯೇ ಕೋಳಿಯ ಮಾತೆತ್ತುವುದು. ಇವರ ನಡುವೆ ಹದಿನೈದು ವರ್ಷ ಕಳೆದು ನನಗೂ ಅದೇ ಚಾಳಿ ಹತ್ತಿದೆ. ನವೆಂಬರಿನಲ್ಲಿ ಕೈಸೇರಿದ ನಿನ್ನ ಕಾಗದಕ್ಕೆ ಹಬ್ಬ ಮುಗಿದ ಮೇಲೆ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಜ್ವರ ಬಂದಿತ್ತು ಅಂತ ನೆಪ ಹೇಳಬಹುದು. ಬಂದದ್ದೂ ನಿಜ. ಆದರೆ ನಾಲ್ಕೇ ದಿನ ಇತ್ತು, ಅದರ ಮೇಲೆ ಇಷ್ಟು ವಾರಗಳ ತಪ್ಪು ಹೊರಿಸಲಾರೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಮೇ ತಿಂಗಳಲ್ಲಿ ಸಿಗ್ನೆ ಸಭೆಯ ಮುಂದೆ ತನ್ನ ನಂಬಿಕೆ ಹೇಳಿ ದೃಢೀಕರಣ ಮುಗಿಸುತ್ತಾಳೆ. ಜೂನಿನಲ್ಲಿ ಇಬ್ಬರು ಹೊಸ ದಾದಿಯರು ಈ ದ್ವೀಪಕ್ಕೆ ಹಡಗು ಹತ್ತುತ್ತಾರೆ. ಅವರ ಜೊತೆ ಮಗಳನ್ನು ಕಳಿಸಬಹುದೆಂದು ಮಿಷನ್ ಮಂಡಳಿ ಒಪ್ಪಿದೆ. ಕಳಿಸಲೋ ಬೇಡವೋ, ಫೆಬ್ರವರಿ ಮುಗಿಯುವುದರೊಳಗೆ ತಿಳಿಸಬೇಕು. ನಿನ್ನ ಮನಸ್ಸಿನಲ್ಲಿ ಏನಿದೆ ಅಂತ ಮಾತ್ರ ನೀನು ಬರೆಯಲಿಲ್ಲ. ‘ಅವಳು ನಿನ್ನ ಮಗಳು, ತೀರ್ಮಾನ ನಿನ್ನದು’ ಅಂದುಬಿಟ್ಟೆ. ಏಳು ವರ್ಷದವಳನ್ನು ನಿನ್ನ ಕೈಗೆ ಕೊಟ್ಟು, ರಜೆ ಮುಗಿಸಿ ನಾವು ಮತ್ತೆ ಹಡಗು ಹತ್ತಿದೆವು. ಅವಳಿಗೀಗ ಹದಿನಾಲ್ಕು. ಅಷ್ಟು ವರ್ಷ ಅವಳ ಜಡೆ ಹೆಣೆದು, ಕೆಮ್ಮಿಗೆ ಕಷಾಯ ಕಾಸಿ, ಹಲ್ಲು ಬಿದ್ದರೆ ಆ ಹಲ್ಲನ್ನೂ ಪೊಟ್ಟಣ ಕಟ್ಟಿ ನನಗೆ ಕಳಿಸಿದವಳು ಒಂದು ಸಾಲಿನಲ್ಲಿ ಕೈತೊಳೆದುಕೊಂಡೆ! ನಿನಗೆ ಬೈಯಬೇಕು ಅನ್ನಿಸಿತು. ಆಮೇಲೆ, ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಆ ಸಾಲು ಬರೆಯಲು ನನ್ನಿಂದ ಆಗುತ್ತಿರಲಿಲ್ಲ ಅಂತಲೂ ಅನ್ನಿಸಿತು. ಮಿಷನ್ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತೆವು. ವೈದ್ಯರು ನಿನ್ನ ಎದೆಗೆ ಕಿವಿಯಿಟ್ಟು ಅಡ್ಡಡ್ಡ ತಲೆಯಾಡಿಸಿದರು, ನಾನು ಹೊರಟೆ, ನೀನು ಉಳಿದೆ. ಹೋದವಳನ್ನು ಎಲ್ಲರೂ ಹೊಗಳಿದರು. ಉಳಿದವಳು ಹೋದವರ ಮಕ್ಕಳನ್ನೆಲ್ಲ ಒಂದು ಮನೆಯಲ್ಲಿಟ್ಟುಕೊಂಡು ಸಾಕಿದಳು. ಇದನ್ನು ಯಾವ ಸಭೆಯಲ್ಲಿ ಯಾರು ಹೇಳಿದ್ದಾರೆ?

ಇರಲಿ. ಉತ್ತರವನ್ನು ಈ ಕಾಗದದಲ್ಲೇ ಕೊಡುತ್ತೇನೆ. ಮೊದಲು ನಮ್ಮ ಹಬ್ಬದ ಸುದ್ದಿ ಕೇಳಿ ನಕ್ಕುಬಿಡು.

ನಿನಗೆ ಗೊತ್ತಲ್ಲ, ನಮ್ಮ ಮನೆಯವರು, ಐಲಿಫ್, ಒಕ್ಕಲುಮನೆಯ ಮಗ. ಪಾದ್ರಿಯಾಗಿ ಇಪ್ಪತ್ತು ವರ್ಷವಾದರೂ ಕೈಯಲ್ಲಿನ ಒಕ್ಕಲುತನ ಹೋಗಿಲ್ಲ. ಕ್ರಿಸ್ಮಸ್ ಮುಂಚೆ ಅಂಗಳದ ಕಂಬಕ್ಕೆ ಓಟ್ಸ್ ತೆನೆಯ ಸಿವುಡು ಕಟ್ಟಿ ಹಕ್ಕಿಗಳಿಗೆ ಹಬ್ಬದೂಟ ಇಡದಿದ್ದರೆ ಅದು ಹಬ್ಬವೇ ಅಲ್ಲ ಅವರಿಗೆ. ಇಲ್ಲಿಗೆ ಬರುವ ಮುಂಚೆ ಬೆಟ್ಟದ ಮೇಲಿದ್ದ ಅಷ್ಟೂ ವರ್ಷ ಆ ಆಸೆ ಈಡೇರಿರಲಿಲ್ಲ. ಅಲ್ಲಿ ಡಿಸೆಂಬರ್ ಅಂದರೆ ಗದ್ದೆಯೆಲ್ಲ ಹಸಿರು, ತೆನೆಯ ಸುಳಿವೇ ಇಲ್ಲ. ಜುಲೈಯಲ್ಲಿ ನಮ್ಮನ್ನು ಈ ಕರಾವಳಿಗೆ ವರ್ಗ ಮಾಡಿದರು. ಇಲ್ಲಿ ಮೊದಲ ಬೆಳೆ ಹಣ್ಣಾಗುವುದೇ ಕ್ರಿಸ್ಮಸ್ ಹೊತ್ತಿಗೆ. ಇಪ್ಪತ್ತಮೂರರ ಬೆಳಿಗ್ಗೆ ಐಲಿಫ್ ಸಭೆಯ ಗದ್ದೆಯಿಂದ ಒಂದು ಕಟ್ಟು ಭತ್ತ ಕೊಯ್ದು ಹೆಗಲ ಮೇಲೆ ಹೊತ್ತು ಬಂದರು. ಮುಖ ನೋಡಬೇಕಿತ್ತು ನೀನು!

“ಬೋರ್ಗಿಲ್ಡ್, ಸಿವುಡು! ಹದಿನೈದು ವರ್ಷಕ್ಕೆ ಒಂದು ಸಿವುಡು!”

ಉದ್ದನೆಯ ಬಿದಿರು ನೆಟ್ಟು ತುದಿಗೆ ಕಟ್ಟಿದೆವು. ಗಂಟು ಹಾಕಿದವಳು ನಾನೇ, ಆದ್ದರಿಂದ ತಪ್ಪಿನಲ್ಲಿ ಸಮಪಾಲು ನನ್ನದು. ಕಾಲುಗಂಟೆಯೊಳಗೆ ಫೂಡಿ ಹಕ್ಕಿಗಳು ಬಂದವು. ಗುಬ್ಬಿಯಷ್ಟು ದೊಡ್ಡವು, ಈ ಕಾಲದಲ್ಲಿ ಗಂಡು ಹಕ್ಕಿಗಳು ಕೆಂಡದ ಬಣ್ಣ. ಹತ್ತು, ಇಪ್ಪತ್ತು, ನಲವತ್ತು ಬಂದು ಸಿವುಡೇ ಕಾಣದ ಹಾಗೆ ಮುತ್ತಿಕೊಂಡವು. ಸೆಕೆಗೆ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾವಿಬ್ಬರೂ ಕೈ ಹಿಡಿದು ನಿಂತು ಅತ್ತೆವು. ಊರಿನ ನೆನಪು ಅಂದರೆ ಎಂಥ ಹುಚ್ಚು ನೋಡು, ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನಿಂತು ನೋಡಿದ್ದು ನಮ್ಮ ಕಣ್ಣಿಗೇ ಬೀಳಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಪ್ರಾರ್ಥನೆಯ ಗುಡಿಯನ್ನು ಹಸಿರು ಗರಿಗಳಿಂದ ಸಿಂಗರಿಸಲು ಹೆಂಗಸರು ಬರಬೇಕಿತ್ತು. ಒಬ್ಬಳೂ ಬರಲಿಲ್ಲ. ಗಾಯನದವರೂ ಬರಲಿಲ್ಲ. ಒಂಬತ್ತರ ಹೊತ್ತಿಗೆ ನಮ್ಮ ಉಪದೇಶಿ ಜೆರೆಮಿಯಾ ಒಬ್ಬರೇ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದರು. ಕ್ಷಮೆಯ ಮಾತು ಆ ದಿನ ಎಂದಿಗಿಂತ ಉದ್ದವಾಗಿತ್ತು. ಅದು ಉದ್ದವಾದಷ್ಟೂ ಸುದ್ದಿ ಕೆಟ್ಟದ್ದು ಅಂತ ಅರ್ಥ.

“ಪಾದ್ರಿಗಳೇ, ಊರೋರು ಕೇಳ್ತಾವ್ರೆ, ನಾನಲ್ಲ. ಆ ಎಡೆ ಯಾರ ಹಿರೀಕರಿಗೆ ಇಟ್ಟಿದ್ದು?”

“ಯಾವ ಎಡೆ?” ಅಂದರು ಐಲಿಫ್.

ಜೆರೆಮಿಯಾ ಗಲ್ಲ ಎತ್ತಿ ಕಂಬ ತೋರಿಸಿದರು. ಅಕ್ಟೋಬರಿನಲ್ಲಿ ಐಲಿಫ್ ಒಂದು ಇಡೀ ಭಾನುವಾರ ಗುಡುಗಿದ್ದರು: ಹೊಸ ಭತ್ತವನ್ನು ಮೊದಲು ಸತ್ತವರಿಗೆ ಎಡೆಯಿಡುವುದು ಕ್ರೈಸ್ತರಿಗೆ ಸಲ್ಲದು ಅಂತ. ಕಳೆದ ಸುಗ್ಗಿಯಲ್ಲಿ ಹಾಗೆ ಮಾಡಿದ್ದ ಮೂರು ಮನೆಯವರಿಗೆ ರೊಟ್ಟಿ ದ್ರಾಕ್ಷಾರಸದ ಪ್ರಭುಭೋಜನವನ್ನೂ ನಿಲ್ಲಿಸಿದ್ದರು. ಈಗ ಊರಿನ ಹೊಸ ಭತ್ತದ ಮೊದಲ ಕಟ್ಟು ಅವರದೇ ಅಂಗಳದಲ್ಲಿ, ಎಲ್ಲರಿಗೂ ಕಾಣುವ ಎತ್ತರದಲ್ಲಿ ತೂಗುತ್ತಿತ್ತು.

“ಅಯ್ಯೋ, ಅದು ಸತ್ತವರಿಗಲ್ಲ! ಹಕ್ಕಿಗಳಿಗೆ!”

“ಹಕ್ಕಿಗಳಿಗಾ?” ಜೆರೆಮಿಯಾ ಕಣ್ಣು ಕಿರಿದು ಮಾಡಿದರು. “ಬೇಕೂಂತ್ಲೇ ಇಟ್ರಾ?”

“ಹೌದು, ಬೇಕೆಂದೇ.”

“ಇದು ಅದಕ್ಕಿಂತ ಕಷ್ಟ ಆಯ್ತಲ್ಲ ಪಾದ್ರಿಗಳೇ. ಹಿರೀಕರಿಗೆ ಅಂದಿದ್ರೆ ನಾನೇ ಹೆಂಗೋ ಹೇಳಿ ಒಪ್ಪುಸ್ತಿದ್ದೆ.”

ಮೂರು ವಾರದಿಂದ ಈ ಊರಿನಲ್ಲಿ ನಡೆದಾಡಬಲ್ಲ ಪ್ರತಿಯೊಬ್ಬರೂ ಗದ್ದೆಯಲ್ಲೇ ಇದ್ದರು, ಥೋರಾ. ಅಟ್ಟಣೆ ಕಟ್ಟಿ, ಡಬ್ಬ ಬಡಿದು, ಕವಣೆ ಬೀಸಿ, ಗಂಟಲು ಕಿತ್ತುಹೋಗುವಂತೆ ಕೂಗಿ ಫೂಡಿಗಳನ್ನು ಓಡಿಸುತ್ತಿದ್ದರು. ಒಂದು ಮಧ್ಯಾಹ್ನ ಕಣ್ಣು ಮುಚ್ಚಿದರೆ ಒಂದು ಮನೆಯ ತಿಂಗಳ ಅನ್ನ ಹೋಯಿತು. ಅಂಥ ಹೊತ್ತಿನಲ್ಲಿ ನಾವು ಕಳ್ಳರನ್ನು ಕರೆದು ಮಣೆ ಹಾಕಿ ಬಡಿಸಿದ್ದೆವು! ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಬಂದವಳು ವೆಲೊನವ್ವ. ಅವಳ ವಿಷಯ ನಿನಗೆ ಬರೆದಿಲ್ಲ, ಈಗ ಬರೆಯುತ್ತೇನೆ. ಎಪ್ಪತ್ತು ದಾಟಿದವಳು, ಮೂಳೆ ಚಕ್ಕಳ, ನಾಲಗೆ ಮಾತ್ರ ಕುಡುಗೋಲು. ಗದ್ದೆಯಿಂದ ನೇರ ಬಂದಿದ್ದಳು, ಕವಣೆ ಇನ್ನೂ ಭುಜದ ಮೇಲಿತ್ತು. ಕಂಬದ ಬುಡದಲ್ಲಿ ನಿಂತು ಸಿವುಡನ್ನು ನೋಡಿದಳು, ನನ್ನನ್ನು ನೋಡಿದಳು.

“ಸಿಗ್ನೆಯವ್ವ, ನಿಮ್ಮೂರಲ್ಲಿ ಹಕ್ಕಿ ಬೆಳೆ ತಿನ್ನಲ್ವಾ?”

ನಾನು ಹೇಳಿದೆ: ನಮ್ಮೂರಲ್ಲಿ ಈಗ ನೆಲ ಕಲ್ಲಾಗಿರುತ್ತದೆ, ಬಿಳಿಯ ಹಿಮ ಎಲ್ಲವನ್ನೂ ಮುಚ್ಚಿರುತ್ತದೆ, ಬೆಳೆಯೆಲ್ಲ ಯಾವತ್ತೋ ಕಣಜ ಸೇರಿರುತ್ತದೆ, ಹಕ್ಕಿಗೆ ಒಂದು ಕಾಳೂ ಸಿಗುವುದಿಲ್ಲ, ಅದಕ್ಕೇ ಹಬ್ಬದ ದಿನ ಅವಕ್ಕೂ ಒಂದು ಪಾಲು. ಅವಳು ಕೇಳಿಸಿಕೊಂಡು ಹೊಟ್ಟೆ ಹಿಡಿದು ನಕ್ಕಳು.

“ಹಂಗನ್ನು! ನಿಮ್ಮೂರ ಹಕ್ಕಿ ತಿರುಕ, ನಮ್ಮೂರ ಹಕ್ಕಿ ಸಾವ್ಕಾರ. ಸಾವ್ಕಾರನ ಮನೆ ಹುಡ್ಕೊಂಡೋಗಿ ಭಿಕ್ಷೆ ಹಾಕಿದ್ದೀರಲ್ರೇ!”

ಆ ಮಧ್ಯಾಹ್ನ ಪ್ರಾರ್ಥನೆಗೆ ಗುಡಿ ತುಂಬಿತು. ಭಕ್ತಿಗಲ್ಲ, ಏನಾಗುತ್ತದೋ ನೋಡೋಣ ಅಂತ. ಐಲಿಫ್ ಬಾಯಿ ತೆರೆಯುವ ಮುಂಚೆ ವೆಲೊನವ್ವ ಎದ್ದು ನಿಂತಳು. ಇಲ್ಲಿ ಸಭೆಯ ಮಾತು ಗಂಡಸರದು. ಅವಳು ಎದ್ದದ್ದಕ್ಕೇ ಅರ್ಧ ಗುಡಿ ಉಸಿರು ಬಿಗಿಹಿಡಿಯಿತು. ಅವಳು ಕ್ಷಮೆಯನ್ನು ಪೂರ್ತಿ ಕೇಳಿದಳು, ಒಂದು ಪದ ಬಿಡದೆ, ತಾನು ಹೆಂಗಸು ಅನ್ನುವುದಕ್ಕೂ ಸೇರಿಸಿ. ಆಮೇಲೆ ಅಂದಳು:

“ನಮ್ಮ ಪಾದ್ರಿಗೆ ಅವರೂರು ನೆನಪಾಗೈತೆ. ಊರು ನೆನೆದು ಮಾಡಿದ್ದನ್ನ ತಪ್ಪು ಅಂತ ಎಣ್ಸೋಕಾಯ್ತದಾ? ಆಗಲ್ಲ. ಹೊಸ ಅಕ್ಕಿ ಬೇಯೋ ವಾಸ್ನೆಗೆ ನಮಗೆ ನಮ್ಮ ಸತ್ತೋರು ನೆನಪಾಗ್ತಾರೆ. ಪಾದ್ರಿಗೆ ಹಕ್ಕಿ ನೆನಪಾಗೈತೆ. ಎಲ್ಲಾರ್ಗೂ ಅವರವರ ನೆನಪು. ಅವರು ನಮ್ಮುನ್ನ ಬೈದ್ರು, ಸರಿ. ಈಗ ನಾವು ಅವರ್ನ ಬೈಯೋ ಸರದಿ ಬಂದೈತೆ. ಬೈಯೋಣ್ವಾ, ಬಿಡೋಣ್ವಾ?”

ಯಾರೋ ಹಿಂದಿನಿಂದ “ಬೈಯೋಣ!” ಅಂದರು. ಗುಡಿಯೆಲ್ಲ ನಕ್ಕಿತು.

ಐಲಿಫ್ ಕಿವಿಯವರೆಗೆ ಕೆಂಪಾಗಿದ್ದರು. ಪೀಠ ಇಳಿದು ಜನರ ಮಟ್ಟದಲ್ಲಿ ನಿಂತು ಕ್ಷಮೆ ಕೇಳಿದರು, ಇವರ ರೀತಿಯಲ್ಲಿ, ಆ ಮಾತಿನ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ ಇಳಿದು. ಹದಿನೈದು ವರ್ಷದಲ್ಲಿ ಮೊದಲ ಸಲ ಎಲ್ಲೂ ತೊದಲಲಿಲ್ಲ. ಆಮೇಲೆ ಆ ಮೂರು ಮನೆಯವರ ಹೆಸರು ಹಿಡಿದು, ನಾಳೆ ಪ್ರಭುಭೋಜನಕ್ಕೆ ಬನ್ನಿ, ನನಗೆ ನಿಮ್ಮ ಪಕ್ಕದಲ್ಲಿ ಜಾಗ ಕೊಡಿ ಅಂದರು. ಮದುವೆಯ ದಿನವೂ ನನ್ನ ಗಂಡನ ಬಗ್ಗೆ ಅಷ್ಟು ಹೆಮ್ಮೆ ಪಟ್ಟಿರಲಿಲ್ಲ. ತಪ್ಪು ಒಪ್ಪಿಕೊಂಡ ಪಾದ್ರಿಯನ್ನು ನೀನು ಎಷ್ಟು ಸಲ ನೋಡಿದ್ದೀ, ಹೇಳು?

ಸಿವುಡು ಇಳಿಸಿದಾಗ ಮುಕ್ಕಾಲು ಪಾಲು ಬರಿಯ ಹುಲ್ಲು. ಉಳಿದದ್ದನ್ನು ವೆಲೊನವ್ವನೇ ಕುಟ್ಟಿ ಕೊಟ್ಟಳು. ಹಾಲು ಸಕ್ಕರೆ ಹಾಕಿ ನಮ್ಮ ಹಬ್ಬದ ಗಂಜಿ ಮಾಡಿ, ಮೇಲೆ ಬೆಣ್ಣೆಯಿಟ್ಟು ಅವಳಿಗೂ ಒಂದು ಬಟ್ಟಲು ಕೊಟ್ಟೆ. ಒಂದು ಚಮಚ ಬಾಯಿಗಿಟ್ಟು, “ಯಾರಿಗೆ ಮೈ ಸರಿಯಿಲ್ಲ?” ಅಂತ ಕೇಳಿದಳು.

ಇಪ್ಪತ್ತಾರರಂದು ನಾನು ಅವಳ ಅಟ್ಟಣೆಗೆ ಹೋದೆ. ಪ್ರಾಯಶ್ಚಿತ್ತ ಅಂತ ಇಟ್ಟುಕೋ. ಡಬ್ಬ ಬಡಿಯುವ ಕೆಲಸ ನನಗೆ, ಕವಣೆ ಅವಳಿಗೆ. ಒಂದು ಕಲ್ಲೂ ಗುರಿ ತಪ್ಪಲಿಲ್ಲ ಅಂತೀನಿ! ಮಧ್ಯೆ ಮಧ್ಯೆ ಮಾತು.

ಇಲ್ಲಿ ಹೆಂಗಸನ್ನು ಅವಳ ಹೆಸರಿನಿಂದ ಕರೆಯುವುದಿಲ್ಲ, ಮೊದಲ ಮಗುವಿನ ಹೆಸರಿನಿಂದ. ನಾವು ಈ ಊರಿಗೆ ಬಂದಿಳಿದ ದಿನ ಕೇಳಿದ ಮೊದಲ ಪ್ರಶ್ನೆಯೇ ‘ನೀನು ಯಾರವ್ವ?’ ಅಂತ. ಸಿಗ್ನೆಯವ್ವ ಅಂದೆ. ಅಂದಿನಿಂದ ಬೋರ್ಗಿಲ್ಡ್ ಅನ್ನುವವಳು ಐಲಿಫ್‌ರ ಬಾಯಲ್ಲಿ ಮಾತ್ರ ಉಳಿದಿದ್ದಾಳೆ. ದಿನಕ್ಕೆ ಐವತ್ತು ಸಲ ಯಾರೋ ನನ್ನ ಮಗಳ ಹೆಸರು ಕೂಗುತ್ತಾರೆ, ನಾನು ಓಗೊಡುತ್ತೇನೆ. ವೆಲೊ ಅಂದರೆ ಬದುಕಿರುವವನು ಅಂತ ಅರ್ಥ. ಅವಳ ಆ ಮಗನನ್ನು ಮಹಾಯುದ್ಧಕ್ಕೆ ಫ್ರಾನ್ಸಿಗೆ ಒಯ್ದರು. ಅಲ್ಲೇ ಸತ್ತ. ಮೂಳೆಯೂ ಮರಳಲಿಲ್ಲ. ಇವರಲ್ಲಿ ಅದಕ್ಕಿಂತ ದೊಡ್ಡ ದುಃಖ ಇಲ್ಲ. ಹದಿನೇಳು ವರ್ಷವಾಯಿತು, ಊರು ಅವಳನ್ನು ಇನ್ನೂ ವೆಲೊನವ್ವ ಅಂತಲೇ ಕರೆಯುತ್ತದೆ.

“ಕರೆದಾಗೆಲ್ಲ ನೋವಾಗಲ್ವಾ?” ಅಂತ ಕೇಳಿಬಿಟ್ಟೆ.

“ಕರೀದಿದ್ರೆ ಆಗ್ತಿತ್ತು,” ಅಂದಳು. ಒಂದು ಕಲ್ಲು ಬೀಸಿ, ಹಕ್ಕಿಗಳು ಎದ್ದು ಹೋದ ಮೇಲೆ, “ಆ ಫ್ರಾನ್ಸು ನಿನ್ನ ಮಗಳಿರೋ ಕಡೇನಾ?”

“ಪಕ್ಕದಲ್ಲೇ ಅಲ್ಲ. ಅದೇ ದಿಕ್ಕು.”

“ಹಂಗಾದ್ರೆ ನಾವಿಬ್ರೂ ಒಂದೇ ಕಡೆ ಮುಖ ಮಾಡಿ ಕೂರೋರು,” ಅಂದಳು.

ಆಗ ನಿನ್ನ ಪ್ರಶ್ನೆಯನ್ನು ಅವಳ ಮುಂದಿಟ್ಟೆ. ಮಗಳನ್ನು ಕರೆಸಿಕೊಳ್ಳಲಾ ಅಂತ.

“ಕರೆಸ್ಕೋ, ಮತ್ತೇನು! ಜೆರೆಮಿಯಾ ತಮ್ಮನ ಮಗನಿಗೆ ಹೆಣ್ಣು ನೋಡ್ತಾವ್ರೆ.” ನಾನು ನಗಲಿಲ್ಲ. ಅವಳು ಕವಣೆ ತೊಡೆಯ ಮೇಲಿಟ್ಟಳು. “ಬಂದ್ರೆ ಇಲ್ಲಿ ಏನ್ಮಾಡ್ತಾಳೆ?”

“ನನ್ನ ಜೊತೆ ಇರ್ತಾಳೆ.”

“ಅದು ನೀನು ಮಾಡೋದಾಯ್ತು. ಅವಳು ಏನ್ಮಾಡ್ತಾಳೆ?”

ಮಗಳು ಬಂದರೆ ಯಾವ ಕೋಣೆ ಕೊಡಬೇಕು, ಯಾವ ಪರದೆ ಹೊಲಿಯಬೇಕು, ಮೊದಲ ದಿನ ಏನು ಬೇಯಿಸಬೇಕು, ಎಲ್ಲ ಏಳು ವರ್ಷದಿಂದ ಲೆಕ್ಕ ಹಾಕಿಟ್ಟಿದ್ದೆ. ಅವಳಿಗೆ ಏನು ಇಷ್ಟ, ಯಾವುದಕ್ಕೆ ನಗುತ್ತಾಳೆ, ಯಾವ ಗೆಳತಿಯನ್ನು ಬಿಟ್ಟಿರಲಾರಳು, ಇದರಲ್ಲಿ ಒಂದೂ ನನಗೆ ತಿಳಿಯದು. ತಿಳಿದಿರುವವಳು ನೀನು.

ಹಾಗಾಗಿ ಇದೋ ಉತ್ತರ. ಟಿಕೆಟ್ ತೆಗೆಸಬೇಡ. ಸಿಗ್ನೆ ಅಲ್ಲೇ ಇರಲಿ. ಅವಳ ಶಾಲೆ ಅಲ್ಲಿದೆ. ಇಲ್ಲಿ ಅವಳ ವಯಸ್ಸಿನವರಿಗೆ ಕಲಿಯಲು ಏನೂ ಇಲ್ಲ. ಕರಾವಳಿಯ ಜ್ವರವೋ ದೊಡ್ಡವರನ್ನೇ ಹಣಿಯುತ್ತದೆ. ಐಲಿಫ್ ಒಪ್ಪಲು ಎರಡು ದಿನ ಬೇಕಾಯಿತು. ಒಪ್ಪಿದ ಮೇಲೆ ಹೋಗಿ ಗುಡಿಯ ಬಾಗಿಲಿಗೆ ಬಣ್ಣ ಬಳಿಯುತ್ತಾ ಕೂತಿದ್ದಾರೆ, ಅದಕ್ಕೆ ಬಣ್ಣದ ಅಗತ್ಯ ಇರಲಿಲ್ಲ.

ದೇವರು ನಿನ್ನ ಎದೆಯನ್ನು ಚಳಿಯಿಂದ ಕಾಯಲಿ. ನಿನ್ನ ಮನೆಯ ಹತ್ತೊಂಬತ್ತು ಮಕ್ಕಳ ಕೆಮ್ಮು ನೆಗಡಿಗಳನ್ನೆಲ್ಲ ಸಮುದ್ರಕ್ಕೆ ಎಸೆಯಲಿ. ನಿನ್ನ ಕೈ ಅವಳ ತಲೆಯ ಮೇಲೆ ಇರುವಷ್ಟು ದಿನ ನನಗೆ ಭಯವಿಲ್ಲ.

ನಿನ್ನ ಹಳೆಯ ಗೆಳತಿ,
ಬೋರ್ಗಿಲ್ಡ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಶಾಲೆ, ಜ್ವರ ಅಂತ ಮೇಲೆ ಬರೆದದ್ದೆಲ್ಲ ನಿಜ, ಆದರೆ ಕಾರಣ ಅದಲ್ಲ. ಈ ಲಕೋಟೆಯಲ್ಲಿ ಇನ್ನೊಂದು ಕಾಗದ ಇಟ್ಟಿದ್ದೇನೆ. ಅದು ನಿನ್ನದು.

ಆಲೂಗಡ್ಡೆ ಅಗೆಯುವ ಕಾಲದ ಶಾಲೆ ರಜೆಗೆ ಸಿಗ್ನೆ ಅವಳ ದೊಡ್ಡಪ್ಪನ ಹೊಲಮನೆಗೆ ಹೋಗಿದ್ದಾಗ ಎರಡು ಕಾಗದ ಬರೆದಳಲ್ಲ, ನಿನಗೊಂದು, ನಮಗೊಂದು. ಲಕೋಟೆ ಅದಲುಬದಲಾಗಿ ನಮ್ಮದು ನಿನಗೆ ಬಂತು, ನಿನ್ನದು ನಮಗೆ. ನೀನು ಅದನ್ನು ಇಲ್ಲಿಗೆ ಕಳಿಸಿ ಎರಡು ಸಾಲು ಬರೆದೆ: ‘ಸಿಗ್ನೆಗೆ ಹೇಳಿಲ್ಲ, ಸುಮ್ಮನೆ ಪೇಚಾಡುತ್ತಾಳೆ. ನನ್ನದರಲ್ಲಿ ಮುಖ್ಯವಾದದ್ದೇನೂ ಇರಲಾರದು, ನೀನೇ ಇಟ್ಟುಕೋ.’ ನಿನ್ನ ಲಕೋಟೆ, ಅವಳ ಲಕೋಟೆ ಎರಡೂ ಒಂದೇ ಟಪಾಲಿನಲ್ಲಿ ಡಿಸೆಂಬರ್ ಐದಕ್ಕೆ ಬಂದವು. ನಾನು ಮೊದಲು ಒಡೆದದ್ದು ಅವಳ ಅಕ್ಷರದ ಲಕೋಟೆಯನ್ನು.

‘ನನ್ನ ಅಮ್ಮಾ’ ಅಂತ ಶುರುವಾಗಿತ್ತು, ಥೋರಾ. ಏಳು ವರ್ಷ ‘ಪೂಜ್ಯ ತಂದೆತಾಯಿಯವರಿಗೆ’ ಅಂತ ಬರೆದವಳು. ಐಲಿಫ್‌ರನ್ನು ಕೂಗಿ ಕರೆದು ಗಟ್ಟಿಯಾಗಿ ಓದಿದೆ. ದೊಡ್ಡಪ್ಪನ ಕುದುರೆ, ಹಲ್ಲುನೋವು, ರಾತ್ರಿ ಕಂಡ ಕನಸು, ಒಂದು ಪುಟ ತುಂಬ. ನಾವಿಬ್ಬರೂ ನಗುತ್ತಿದ್ದೆವು. ಎರಡನೆಯ ಪುಟ ತಿರುಗಿಸಿದೆ. ‘ಇನ್ನು ಮಡಗಾಸ್ಕರಿಗೆ ಒಂದು ಬರೀಬೇಕು. ಯಾವಾಗಲೂ ನೀನು ಪಕ್ಕದಲ್ಲಿ ಕೂತು, ಇದನ್ನ ಬರಿ, ಅವರಿಗೆ ಖುಷಿಯಾಗುತ್ತೆ ಅಂತ ಹೇಳ್ಕೊಡ್ತಿದ್ದೆ. ಈ ಸಲ ನಾನೊಬ್ಬಳೇ. ಏನು ಬರೀಲಿ?’ ಉಳಿದದ್ದು ಹೆಂಗಸರ ವಿಷಯ ಅಂತ ಐಲಿಫ್‌ಗೆ ಹೇಳಿ ಮಡಚಿಬಿಟ್ಟೆ. ಅವರಿಗೆ ಇಂದಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಅಂದರೆ ‘ನಿಮ್ಮ ನೆನಪಾಗುತ್ತದೆ’ ಅಂತ ಪ್ರತಿ ಕಾಗದದ ಕೊನೆಗೂ ಇರುತ್ತಿದ್ದ ಸಾಲು ನಿನ್ನದು. ಏಳು ವರ್ಷ ನಾನು ಬದುಕಿದ್ದು ನಿನ್ನ ಸಾಲುಗಳ ಮೇಲೆ. ನಿನ್ನ ಮೇಲೆ ಮತ್ಸರಪಟ್ಟೆ, ಮನಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದೆ. ಬೈದು ಮುಗಿದ ಮೇಲೆ ಉಳಿದದ್ದು ಒಂದೇ: ನನ್ನ ಮಗಳಿಗೆ ನನ್ನನ್ನು ಮರೆಯಲು ಬಿಡದವಳು ನೀನು.

ಕೊನೆಯ ಪುಟದಲ್ಲಿ ಅವಳು ನಿನ್ನನ್ನು ಒಂದು ಮಾತು ಕೇಳಿದ್ದಾಳೆ. ‘ಎದುರಿಗೆ ಚಿಕ್ಕಮ್ಮ ಅಂತಲೇ ಬರುತ್ತೆ, ಅಮ್ಮ ಅನ್ನೋಕೆ ಕಾಗದದಲ್ಲಿ ಮಾತ್ರ ಧೈರ್ಯ. ದೃಢೀಕರಣದ ದಿನ ಗುಡಿಯಲ್ಲಿ ತಾಯಂದಿರು ಕೂರೋ ಕಡೆ ನೀನು ನನ್ನವಳಾಗಿ ಕೂರ್ತೀಯಾ? ಬೇಡ ಅನ್ನೋದಾದ್ರೆ ಏನೂ ಹೇಳಬೇಡ, ನಾನು ಅರ್ಥ ಮಾಡ್ಕೋತೀನಿ.’

ನೀನು ಏನೂ ಹೇಳಲಿಲ್ಲ. ಅಕ್ಟೋಬರಿನಿಂದ ಅವಳು ಅರ್ಥ ಮಾಡಿಕೊಂಡು ಕೂತಿದ್ದಾಳೆ. ಅದು ಗೊತ್ತಿದ್ದೂ ನಾನು ಈ ಕಾಗದವನ್ನು ಇಪ್ಪತ್ತಮೂರು ದಿನ ಕೀರ್ತನೆ ಪುಸ್ತಕದೊಳಗೆ ಬಚ್ಚಿಟ್ಟಿದ್ದೆ. ನನ್ನ ಜ್ವರ ಅದೇ.

ನಾನು ಓದಿದೆನೆಂದು ಅವಳಿಗೆ ಹೇಳಬೇಡ. ಇದನ್ನು ಕೆಳಗಿಟ್ಟು ಈಗಲೇ ಎದ್ದು ಹೋಗು. ಅವಳು ಎಲ್ಲಿದ್ದರೂ ಸರಿ, ಶಾಲೆಯಲ್ಲಿದ್ದರೂ ಕರೆಸಿ ಹೂಂ ಅನ್ನು.